ಹಿತ್ತಿಲಲ್ಲಿ ಫಲವೃಕ್ಷಗಳು

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರು ಒಂದೆಡೆ ಕೂಡಿದಾಗ ಮಕ್ಕಳ ವಿದ್ಯಾಭ್ಯಾಸ, ಮದುವೆ, ಉದ್ಯೋಗ ಮುಂತಾದ ಮಾತುಗಳು ಮುಗಿದ ತರುವಾಯ ಸಂಭಾಷಣೆಯು ಪ್ರಾಯಶಃ ಮನೆಯ ಹಿತ್ತಿಲಿಗೆ ಬಂದು ನಿಲ್ಲುತ್ತದೆ. ಒಬ್ಬರು, “ಮಾವಿನ ಗಿಡವನ್ನು ನೆಟ್ಟು ಎಂಟು ವರುಷವಾಯಿತು, ಎಲೆಯ ಹೊರತು ಬೇರೇನನ್ನೂ ಕಾಣೆವು” ಎನ್ನುತ್ತಾರೆ. ಇನ್ನೊಬ್ಬರ ಪಪ್ಪಾಯಿಯು ಹೂವನ್ನು ಧಾರಾಳವಾಗಿ ಬಿಡುವುದಾದರೂ ಒಂದು ಕಾಯಿಯನ್ನೂ ಕೊಡದು. ಮತ್ತೊಬ್ಬರು ಬೆಲೆಕೊಟ್ಟು ತಂದ ಕಸಿಗಿಡವು ಮೊದಲನೆಯ ಮಳೆಗಾಲದಲ್ಲಿಯೇ ಕೊಳೆತುಹೋಗಿರುತ್ತದೆ. ಇವರಲ್ಲಿ ಯಾರೂ ಸೋಮಾರಿಗಳಲ್ಲ. ಎಲ್ಲರೂ ಹಣವನ್ನೂ ಶ್ರಮವನ್ನೂ ವ್ಯಯಮಾಡಿದವರೇ. ಇಂಥ ನಿರಾಶೆಗಳಲ್ಲಿ ಹೆಚ್ಚಿನವು ಗಿಡವನ್ನು ಆರಿಸುವಾಗಲೂ ನೆಟ್ಟ ಮೊದಲ ಮೂರು ವರ್ಷಗಳಲ್ಲಿಯೂ ನಡೆದ ಸಣ್ಣ ಸಣ್ಣ ಅಲಕ್ಷ್ಯಗಳಿಂದ ಹುಟ್ಟಿದವುಗಳೆಂಬುದನ್ನು ನಾವು ಸ್ವಂತ ನಷ್ಟದಿಂದಲೇ ಕಲಿತಿದ್ದೇವೆ. ಆ ಪಾಠವನ್ನು ಈ ಸಂಚಿಕೆಯ ಮೂಲಕ ನಮ್ಮ ಸೋದರಿಯರಿಗೂ ಮಕ್ಕಳ ತಂದೆತಾಯಂದಿರಿಗೂ ತಿಳಿಸಬೇಕೆಂಬುದೇ ನಮ್ಮ ಉದ್ದೇಶ.

ನಮ್ಮ ಹಿತ್ತಿಲ ಮರಗಳೆಲ್ಲವೂ ಈ ನಾಡಿನಲ್ಲಿ ಹುಟ್ಟಿದವುಗಳಲ್ಲ. ಮಾವೂ ಹಲಸೂ ನಮ್ಮ ದೇಶದವೇ. ಹಲಸಿಗಂತೂ ಪಶ್ಚಿಮ ಘಟ್ಟಗಳೇ ತವರು. ಪೇರಳೆ, ಪಪ್ಪಾಯಿ, ಚಿಕ್ಕು, ಸೀತಾಫಲ, ಅನಾನಸು ಇವುಗಳಾದರೋ ಅಮೇರಿಕ ಖಂಡದ ಉಷ್ಣಪ್ರದೇಶಗಳಿಂದ ಹಡಗುಗಳ ಮೂಲಕ ಬಂದು ನಮ್ಮವೇ ಆಗಿಬಿಟ್ಟಿವೆ. ಹುಟ್ಟಿದ ದೇಶಗಳು ಬೇರೆಯಾದರೂ ಇವೆಲ್ಲಕ್ಕೂ ಮೂರು ಅವಶ್ಯಕತೆಗಳು ಸಮಾನವಾಗಿವೆ: ಹಿಮ ಬೀಳದ ಹವೆ, ದಿನದ ಹೆಚ್ಚು ಹೊತ್ತು ಬೀಳುವ ಬಿಸಿಲು, ಬೇರಿನ ಬುಡದಲ್ಲಿ ನೀರು ನಿಲ್ಲದ ನೆಲ. ಮೊದಲನೆಯದು ನಮಗೆ ಪ್ರಕೃತಿಯಿಂದಲೇ ದೊರೆತಿದೆ. ಉಳಿದೆರಡನ್ನು ನಾವೇ ಒದಗಿಸಿಕೊಡಬೇಕು.

ಆದಕಾರಣ ಗಿಡವನ್ನು ಕೊಳ್ಳುವುದಕ್ಕೆ ಮುಂಚೆ ಹಿತ್ತಿಲಲ್ಲಿ ನಿಂತು ಬಿಸಿಲು ಎಲ್ಲಿ ಬೀಳುತ್ತದೆ, ಮಳೆನೀರು ಎಲ್ಲಿ ನಿಲ್ಲುತ್ತದೆ, ಗೋಡೆಯೂ ಬಾವಿಯೂ ಎಷ್ಟು ದೂರದಲ್ಲಿವೆ ಎಂಬುದನ್ನು ನೋಡಿಕೊಳ್ಳತಕ್ಕದ್ದು. ಅಂಗೈಯಗಲದ ಸಸಿಯನ್ನು ಕಂಡು ಮುಂದಿನ ಮರದ ಅಳತೆಯನ್ನು ಮರೆಯುವುದು ಎಲ್ಲರೂ ಮಾಡುವ ತಪ್ಪು. ಮಾವಿಗೂ ಚಿಕ್ಕುವಿಗೂ ಸುತ್ತಲೂ ಇಪ್ಪತ್ತೈದರಿಂದ ಮೂವತ್ತು ಅಡಿ ಸ್ಥಳ ಬೇಕು. ಹಲಸಿಗೆ ಅದಕ್ಕೆ ಕಡಿಮೆಯಾದರೆ ಸಾಲದು. ಪೇರಳೆಗೂ ನಿಂಬೆಗೂ ಹದಿನೈದು ಅಡಿ ಸಾಕು. ಬಾಳೆಗೂ ಪಪ್ಪಾಯಿಗೂ ಆರಡಿಯೇ ಯಥೇಷ್ಟ. ಐದು ಸೆಂಟ್ಸು ನೆಲದಲ್ಲಿ ಮನೆಯನ್ನು ಕಟ್ಟಿ ಉಳಿದ ಸ್ಥಳದಲ್ಲಿ ಮಾವು, ಹಲಸು, ಚಿಕ್ಕು ಮೂರನ್ನೂ ನೆಟ್ಟವರು ಹತ್ತು ವರ್ಷಗಳ ತರುವಾಯ ನೆರಳನ್ನು ಪಡೆಯುವರೇ ಹೊರತು ಹಣ್ಣನ್ನು ಪಡೆಯಲಾರರು. ಅಂಥ ಸಣ್ಣ ಹಿತ್ತಿಲಿಗೆ ಒಂದು ಪೇರಳೆ, ಒಂದು ನಿಂಬೆ, ಎರಡು ಪಪ್ಪಾಯಿ, ಬಚ್ಚಲ ಬಳಿಯಲ್ಲಿ ಒಂದು ಬಾಳೆಯ ಹಿಂಡು ಸಾಕಾಗುವುದು. ಮಾವು ಬೇಕೇ ಬೇಕೆಂಬವರು ದೆಹಲಿಯ ಕೃಷಿ ಸಂಶೋಧನಾಲಯದಲ್ಲಿ ದಶೇರಿ ಮತ್ತು ನೀಲಂ ಜಾತಿಗಳನ್ನು ಕೂಡಿಸಿ ಪಡೆದ ಆಮ್ರಪಾಲಿ ಎಂಬ ಗಿಡ್ಡ ಜಾತಿಯನ್ನು ಆರಿಸಿಕೊಳ್ಳಬಹುದು. ಅದು ಕಡಿಮೆ ಸ್ಥಳದಲ್ಲಿ ಬೆಳೆದು, ನಮ್ಮ ಬಾದಾಮಿಯಂತೆ ಒಂದು ವರ್ಷ ಬಿಟ್ಟು ಒಂದು ವರ್ಷ ಫಲಿಸದೆ, ಪ್ರತಿವರ್ಷವೂ ಕಾಯಿಬಿಡುತ್ತದೆ.

ಪೇರಳೆಯನ್ನು ಮೊದಲು ಹೆಸರಿಸಿದುದಕ್ಕೆ ಕಾರಣವುಂಟು. ನೂರು ಗ್ರಾಂ ಪೇರಳೆಯಲ್ಲಿ ಸುಮಾರು 200 ಮಿಲಿಗ್ರಾಂ ಸಿ ಜೀವಸತ್ವವಿರುತ್ತದೆ. ಇದು ಕಿತ್ತಳೆಯಲ್ಲಿರುವುದಕ್ಕಿಂತ ಹಲವು ಪಾಲು ಅಧಿಕ. ಬೆಳೆಯುವ ಮಕ್ಕಳ ಕಣ್ಣಿಗೆ ಹಿತವಾದ ಎ ಜೀವಸತ್ವಕ್ಕೆ ಆಧಾರವಾದ ಅಂಶವು ಮಾಗಿದ ಮಾವಿನಲ್ಲಿಯೂ ಪಪ್ಪಾಯಿಯಲ್ಲಿಯೂ ಇದೆ. ದೂರದ ಊರುಗಳಿಂದ ಬರುವ ಹಣ್ಣುಗಳನ್ನು ಕ್ರಯಕ್ಕೆ ಕೊಂಡು ತರುವ ತಾಯಂದಿರು ಇದನ್ನು ಮನಸ್ಸಿನಲ್ಲಿಡಬೇಕು.

ಇನ್ನು ನಮ್ಮ ತಪ್ಪಿನ ಕಥೆಯನ್ನು ಹೇಳುತ್ತೇವೆ. ನಮ್ಮ ತಾಯಿಯವರಿಗೆ ಬಾದಾಮಿ ಮಾವಿನ ಹಣ್ಣೆಂದರೆ ಬಹಳ ಪ್ರೀತಿ. ಅವರಿಗೋಸ್ಕರ ಒಂದು ಕಸಿಗಿಡವನ್ನು ತಂದು ಅಡಿಗೆಮನೆಯ ಹಿಂದುಗಡೆ ನೆಟ್ಟೆವು. ಎರಡನೆಯ ವರ್ಷ ಅದರ ಬುಡದಿಂದ ಪುಷ್ಟಿಯಾದ ಒಂದು ಚಿಗುರು ನೆಟ್ಟಗೆ ಎದ್ದಿತು. ನಾವು ಹರ್ಷಿಸಿ ಅದಕ್ಕೆ ಕೋಲಿನ ಆಸರೆಯನ್ನು ಕೊಟ್ಟು, ಪಕ್ಕದಲ್ಲಿ ಬಡಕಲಾಗಿದ್ದ ಹಳೆಯ ಕವಲನ್ನು ನಿಷ್ಪ್ರಯೋಜಕವೆಂದು ಕತ್ತರಿಸಿಬಿಟ್ಟೆವು. ಏಳನೆಯ ವರ್ಷ ಮರವು ಕಾಯಿಬಿಟ್ಟಿತು. ಹಣ್ಣು ಸಣ್ಣದು, ನಾರುಳ್ಳದ್ದು, ಹುಳಿಯಾದದ್ದು. ತಾಯಿಯವರು ಒಂದನ್ನು ಪೂರ್ಣವಾಗಿ ತಿಂದು, “ಉಪ್ಪಿನಕಾಯಿಗೆ ಒಳ್ಳೆಯ ಮಿಡಿಯಾದೀತು” ಎಂದಷ್ಟೇ ಹೇಳಿದರು. ತೋಟದ ಕೆಲಸವನ್ನು ಬಲ್ಲ ಒಬ್ಬ ಹಿರಿಯರು ಬಂದು ನೋಡಿದಾಗಲೇ ನಮಗೆ ಸಂಗತಿಯು ತಿಳಿಯಿತು: ನಾವು ಕತ್ತರಿಸಿದ ಬಡಕಲು ಕವಲೇ ಬಾದಾಮಿ, ಆಸರೆ ಕೊಟ್ಟು ಸಾಕಿದ್ದು ಕಾಡುಮಾವು.

ಇದು ಹೇಗೆಂಬುದನ್ನು ವಿವರಿಸುವುದು ಅವಶ್ಯ. ಬಾದಾಮಿ, ರಸಪುರಿ ಮುಂತಾದ ಜಾತಿಗಳ ಗೊರಟಿನಲ್ಲಿ ಒಂದೇ ಮೊಳಕೆಯಿರುತ್ತದೆ. ಅದು ತಾಯಿಮರದ ಗುಣವನ್ನೂ ಪರಾಗವನ್ನು ಕೊಟ್ಟ ಬೇರೊಂದು ಮರದ ಗುಣವನ್ನೂ ಪಡೆದು ಹುಟ್ಟುವುದರಿಂದ ಅದರ ಹಣ್ಣು ತಾಯಿಯ ಹಣ್ಣಿನಂತೆಯೇ ಇರುವುದೆಂಬ ಭರವಸೆಯಿಲ್ಲ. ಇದಕ್ಕೆ ವಿರುದ್ಧವಾಗಿ ಪಡುವಣ ಕರಾವಳಿಯ ಬಪ್ಪಕಾಯಿ, ಒಲೂರು, ಕುರುಕ್ಕನ್ ಮುಂತಾದ ಕೆಲವು ಜಾತಿಗಳ ಒಂದೇ ಗೊರಟಿನಲ್ಲಿ ಹಲವು ಮೊಳಕೆಗಳು ಏಳುತ್ತವೆ; ಅವುಗಳಲ್ಲಿ ಹೆಚ್ಚಿನವು ತಾಯಿಯ ಪ್ರತಿರೂಪಗಳೇ. ಒಂದೇ ಮೊಳಕೆಯ ಜಾತಿಗಳಲ್ಲಿ ಉತ್ತಮ ಮರದ ಗುಣವನ್ನು ಕೆಡದಂತೆ ಉಳಿಸಿಕೊಳ್ಳುವ ಉಪಾಯವೇ ಕಸಿ. ಗೊರಟಿನಿಂದ ಬೆಳೆಸಿದ ಗಟ್ಟಿಮುಟ್ಟಾದ ಸಸಿಯ ಬುಡಕ್ಕೆ ಉತ್ತಮ ಮರದ ಕಡ್ಡಿಯನ್ನು ಕೂಡಿಸಿ ಕಟ್ಟುವರು. ಬೇರು ಒಂದರದು, ಫಲ ಇನ್ನೊಂದರದು. ಕೂಡಿಸಿದ ಗಂಟಿಗಿಂತ ಕೆಳಗೆ ಏಳುವ ಚಿಗುರು ಬುಡದ ಸಸಿಯದು. ಬೇರಿಗೆ ಸಮೀಪವಿರುವುದರಿಂದ ಅದು ಬೇಗ ಬೆಳೆದು ಮೇಲಿನ ಕಡ್ಡಿಯ ಆಹಾರವನ್ನು ಕಸಿದುಕೊಳ್ಳುವುದು. ಆದುದರಿಂದ ಮೊದಲ ಮೂರು ವರ್ಷ ತಿಂಗಳಿಗೊಮ್ಮೆಯಾದರೂ ಬಾಗಿ ನೋಡಿ, ಗಂಟಿನ ಕೆಳಗಿನ ಚಿಗುರನ್ನು ಎಳೆಯದಾಗಿರುವಾಗಲೇ ಚಿವುಟಿಬಿಡಬೇಕು. ಕಸಿಗಿಡಗಳಾದ ಚಿಕ್ಕು, ಪೇರಳೆಗಳಿಗೂ ಇದೇ ನಿಯಮವು ಸಲ್ಲುತ್ತದೆ.

ನೆಡುವ ಕ್ರಮವು ಹೀಗಿದೆ. ಬೇಸಗೆಯಲ್ಲಿಯೇ ಮೂರಡಿ ಉದ್ದ, ಮೂರಡಿ ಅಗಲ, ಮೂರಡಿ ಆಳದ ಗುಂಡಿಯನ್ನು ತೋಡಿಸಿ ಕೆಲವು ವಾರ ಬಿಸಿಲಿಗೆ ಬಿಡಬೇಕು. ಮುರಕಲ್ಲಿನ ನೆಲದಲ್ಲಿ ಈ ಆಳವು ಬಹಳ ಮುಖ್ಯವಾದುದು. ಅಗೆಯುವಾಗ ಮೇಲ್ಮಣ್ಣನ್ನು ಬೇರೆಯಾಗಿಟ್ಟು, ಅದಕ್ಕೆ ಚೆನ್ನಾಗಿ ಕಳಿತ ಕೊಟ್ಟಿಗೆಗೊಬ್ಬರವನ್ನು ಬೆರೆಸಿ ಗುಂಡಿಯನ್ನು ತುಂಬಿಸತಕ್ಕದ್ದು. ಹಸಿಯ ಸೆಗಣಿಯು ಗೆದ್ದಲನ್ನು ಕರೆತರುವುದರಿಂದ ಅದು ಕೂಡದು. ಮೊದಲ ಮಳೆಗಳು ಬಿದ್ದು ನೆಲವು ತಣಿದ ಮೇಲೆ ಗಿಡವನ್ನು ನೆಡಬೇಕು. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಕರಾವಳಿಯಲ್ಲಿ ಗಿಡದ ಸ್ಥಳವನ್ನು ಸುತ್ತಲ ನೆಲಕ್ಕಿಂತ ಒಂದು ಗೇಣು ಎತ್ತರಿಸಿ, ನೀರು ಹರಿದುಹೋಗಲು ಕಾಲುವೆಯನ್ನು ಮಾಡುವುದು ಲೇಸು. ಘಟ್ಟದ ಮೇಲಿನ ಒಣಸೀಮೆಯಲ್ಲಿ ಇದಕ್ಕೆ ಪ್ರತಿಯಾಗಿ ಸುತ್ತಲೂ ಪಾತಿಯನ್ನು ಕಟ್ಟಿ ನೀರನ್ನು ಹಿಡಿದಿಡಬೇಕು.

ಈಗಿನ ಗಿಡಗಳು ಪ್ಲಾಸ್ಟಿಕ್ ಚೀಲಗಳಲ್ಲಿ ಬರುತ್ತವಷ್ಟೆ. ಆ ಚೀಲವನ್ನು ಮಣ್ಣು ಒಡೆಯದಂತೆ ಸೀಳಿ ತೆಗೆದು, ತಳದಲ್ಲಿ ಸುತ್ತಿಕೊಂಡಿರುವ ಬೇರುಗಳನ್ನು ಬಿಡಿಸಿ ನೆಡಬೇಕು. ಕಸಿಯ ಗಂಟು ಮಣ್ಣಿನ ಮೇಲೆ ಒಂದು ಗೇಣಿನಷ್ಟು ಕಾಣುತ್ತಿರಲಿ. ಮಣ್ಣಿನೊಳಗೆ ಹೂತರೆ ಕೊಳೆಯುವ ಭಯವಿದೆ. ಗಂಟಿಗೆ ಕಟ್ಟಿದ ಪಟ್ಟಿಯು ಇನ್ನೂ ಇದ್ದರೆ, ಕಸಿಯು ಕೂಡಿಕೊಂಡಿರುವುದನ್ನು ನೋಡಿ ಅದನ್ನು ಬಿಚ್ಚಿಬಿಡಬೇಕು. ಇಲ್ಲವಾದರೆ ಕಾಂಡವು ದಪ್ಪವಾದ ಹಾಗೆ ಅದು ಉರುಳಿನಂತೆ ಬಿಗಿಯುವುದು. ಗಾಳಿಗೆ ಅಲುಗದಂತೆ ಕೋಲಿನ ಆಸರೆಯಿರಲಿ.

ಮೊದಲ ಎರಡು ಬೇಸಗೆಗಳನ್ನು ದಾಟಿದ ಗಿಡವು ಬದುಕಿತೆಂದು ತಿಳಿಯಬಹುದು. ಆ ಕಾಲದಲ್ಲಿ ಎರಡು ಮೂರು ದಿನಗಳಿಗೊಮ್ಮೆ ಒಂದೆರಡು ಕೊಡ ನೀರನ್ನು ನಿಧಾನವಾಗಿ ಹೊಯ್ಯಬೇಕು. ಬುಡದ ಸುತ್ತಲೂ ತರಗೆಲೆಗಳನ್ನು ಹರಡಿದರೆ ತೇವವು ನಿಲ್ಲುವುದು. ಆದರೆ ಎಲೆಗಳು ಕಾಂಡಕ್ಕೆ ತಾಗಿರಬಾರದು. ಸಾಬೂನಿನ ನೀರು ಎಳೆಯ ಗಿಡಕ್ಕೆ ಒಳ್ಳೆಯದಲ್ಲ. ಸೌದೆಯ ಬೂದಿಯನ್ನು ಮಿತವಾಗಿ ಹಾಕಬಹುದು. ಗಿಡವು ಬೆಳೆದಂತೆ ನೀರನ್ನೂ ಗೊಬ್ಬರವನ್ನೂ ಬುಡದಿಂದ ದೂರ ಸರಿಸುತ್ತ, ಕೊಂಬೆಗಳ ತುದಿಯ ನೆರಳು ಬೀಳುವಲ್ಲಿ ಕೊಡಬೇಕು. ಯಾಕೆಂದರೆ ಆಹಾರವನ್ನು ಹೀರುವ ಎಳೆಯ ಬೇರುಗಳು ಹೆಚ್ಚಾಗಿ ಅಲ್ಲಿಯೇ ಇರುತ್ತವೆ. ಕಸಿಮಾವು ಮೊದಲ ಎರಡು ಮೂರು ವರ್ಷಗಳಲ್ಲಿ ಹೂಬಿಟ್ಟರೆ ಮನಸ್ಸನ್ನು ಗಟ್ಟಿಮಾಡಿಕೊಂಡು ಹೂವನ್ನು ತೆಗೆದುಬಿಡತಕ್ಕದ್ದು. ಹಸುಳೆಯ ಮೇಲೆ ಹೊರೆಯನ್ನು ಹೊರಿಸುವುದು ಸಲ್ಲದು.

ಫಲಕ್ಕೆ ಬಂದ ಮಾವಿಗೆ ಇನ್ನೊಂದು ಗುಣವಿದೆ. ನವೆಂಬರ್ ಮತ್ತು ಡಿಸೆಂಬರ್ ತಿಂಗಳುಗಳ ಚಳಿಯಲ್ಲಿಯೂ ಒಣಹವೆಯಲ್ಲಿಯೂ ಅದು ಹೂವಿಗೆ ಸಿದ್ಧವಾಗುತ್ತದೆ. ಆಗ ಮಮತೆಯಿಂದ ದಿನವೂ ನೀರೆರೆದರೆ ಅದು ಹೂವಿಗೆ ಬದಲಾಗಿ ಚಿಗುರನ್ನು ಬಿಡುವುದು. ಮಿಡಿಗಳು ಬಟಾಣಿ ಕಾಳಿನಷ್ಟಾದ ಮೇಲೆ ನೀರನ್ನು ಪುನಃ ಕೊಡಬಹುದು. ಎಲೆಯ ಹೊರತು ಬೇರೇನನ್ನೂ ಕಾಣೆವೆಂದ ಸೋದರಿಯರು ಈ ಮಾತನ್ನು ಪರೀಕ್ಷಿಸಿ ನೋಡಲಿ. ಪೇರಳೆಯ ಸ್ವಭಾವ ಬೇರೆ: ಅದು ಹೊಸ ಚಿಗುರುಗಳಲ್ಲಿ ಹೂಬಿಡುವುದರಿಂದ ಕೊಯ್ಲಾದ ಮೇಲೆ ಕೊಂಬೆಗಳ ತುದಿಯನ್ನು ಸ್ವಲ್ಪ ಸವರಿದರೆ ಹೆಚ್ಚು ಕಾಯಿಯನ್ನು ಕೊಡುವುದು.

ಪಪ್ಪಾಯಿಯಲ್ಲಿ ಗಂಡು, ಹೆಣ್ಣು, ದ್ವಿಲಿಂಗ ಎಂಬ ಮೂರು ಬಗೆಯ ಗಿಡಗಳುಂಟು. ಉದ್ದವಾದ ಜೋಲುವ ತೊಟ್ಟಿನಲ್ಲಿ ಸಣ್ಣ ಹೂಗಳ ಗೊಂಚಲಿದ್ದರೆ ಅದು ಗಂಡು. ಕಾಂಡಕ್ಕೆ ಅಂಟಿಕೊಂಡಂತೆ ದೊಡ್ಡ ಹೂವಿದ್ದರೆ ಹೆಣ್ಣು. ಹೂಬಿಡುವ ತನಕ ಇವುಗಳನ್ನು ಗುರುತಿಸಲಾಗದ ಕಾರಣ ಒಂದು ಗುಂಡಿಗೆ ಮೂರು ಸಸಿಗಳನ್ನು ನೆಟ್ಟು, ಹೂವನ್ನು ಕಂಡ ಮೇಲೆ ಒಂದನ್ನು ಉಳಿಸಿಕೊಳ್ಳುವುದು ಪದ್ಧತಿ. ಕೊಡಗಿನ ಚೆಟ್ಟಳ್ಳಿಯಲ್ಲಿ ಆರಿಸಲ್ಪಟ್ಟ ಕೂರ್ಗ್ ಹನಿ ಡ್ಯೂ ಎಂಬ ಜಾತಿಯಲ್ಲಿ ಗಂಡುಗಿಡಗಳಿಲ್ಲದಿರುವುದರಿಂದ ಅದು ಮನೆಯವರಿಗೆ ಅನುಕೂಲ. ಬುಡದಲ್ಲಿ ಒಂದೆರಡು ದಿನ ನೀರು ನಿಂತರೂ ಪಪ್ಪಾಯಿ ಕೊಳೆಯುತ್ತದೆಂಬುದನ್ನು ಮರೆಯಬಾರದು. ಬಾಳೆಗೆ ಕತ್ತಿಯಂತೆ ಕಿರಿದಾದ ಎಲೆಯುಳ್ಳ ಕಂದನ್ನೇ ಆರಿಸಬೇಕು. ಅಗಲವಾದ ಎಲೆಯ ಕಂದು ನೋಟಕ್ಕೆ ಚೆಲುವಾದರೂ ಬಲಹೀನ. ಗೊನೆಯನ್ನು ಕಡಿದ ಬಾಳೆ ಮತ್ತೆ ಫಲಿಸದು. ಅದರ ಸ್ಥಾನಕ್ಕೆ ಒಂದು ಕಂದನ್ನು ಮಾತ್ರ ಬಿಟ್ಟು ಉಳಿದವುಗಳನ್ನು ತೆಗೆದರೆ ಮುಂದಿನ ಗೊನೆಯೂ ತುಂಬಿಕೊಳ್ಳುವುದು.

ಹಣ್ಣಿನ ನೊಣದ ಉಪದ್ರವವು ಮಾವಿಗೂ ಪೇರಳೆಗೂ ಸಾಮಾನ್ಯ. ಅದು ಬಲಿತ ಕಾಯಿಯ ಸಿಪ್ಪೆಯಡಿಯಲ್ಲಿ ಮೊಟ್ಟೆಯಿಡುತ್ತದೆ. ಹುಳುವು ಒಳಗೆ ತಿಂದು ಬೆಳೆದು, ಹಣ್ಣು ಉದುರಿದ ಮೇಲೆ ಮಣ್ಣನ್ನು ಸೇರಿ ಪುನಃ ನೊಣವಾಗಿ ಏಳುತ್ತದೆ. ಆದುದರಿಂದ ಬಿದ್ದ ಹಣ್ಣುಗಳನ್ನು ಪ್ರತಿದಿನವೂ ಆರಿಸಿ ಎರಡಡಿ ಆಳದಲ್ಲಿ ಹೂಳಬೇಕು. ಬಲಿಯುತ್ತಿರುವ ಪೇರಳೆಗೆ ಕಾಗದದ ಚೀಲವನ್ನು ಕಟ್ಟಬಹುದು. ಈ ಕೆಲಸವನ್ನು ಮಕ್ಕಳಿಗೆ ವಹಿಸಿದರೆ ಅವರು ಸಂತೋಷದಿಂದ ಮಾಡುವರು.

ಬಾಡಿಗೆಯ ಮನೆಯಲ್ಲಿರುವವರು ತಮಗೆ ಇದು ಹೇಳಿದುದಲ್ಲವೆಂದು ಭಾವಿಸಬಾರದು. ನೆಟ್ಟ ಹತ್ತು ಹನ್ನೊಂದು ತಿಂಗಳಲ್ಲಿ ಪಪ್ಪಾಯಿಯೂ ವರ್ಷದ ಆಚೀಚೆ ಬಾಳೆಯೂ ಫಲವನ್ನು ಕೊಡುತ್ತವೆ. ಕಸಿಮಾವಿಗೆ ನಾಲ್ಕೈದು ವರ್ಷ ಬೇಕು. ಯಾವ ಮನೆಯಲ್ಲಿ ಎಷ್ಟು ಕಾಲ ಇರುವೆವೆಂಬುದನ್ನು ಎಣಿಸಿ ಗಿಡವನ್ನು ಆರಿಸಿಕೊಳ್ಳುವುದು ವಿವೇಕ. ಆದರೂ ಮುಂದೆ ಬರುವವರಿಗಾಗಿ ಒಂದು ಮಾವನ್ನು ನೆಟ್ಟುಹೋದರೆ ನಷ್ಟವೇನೂ ಇಲ್ಲ.

ನಮ್ಮ ಹುಳಿಮಾವಿನ ಮರವನ್ನು ನಾವು ಕಡಿಯಲಿಲ್ಲ. ಆ ಹಿರಿಯರ ಸಲಹೆಯಂತೆ ಅದರ ಕೊಂಬೆಗಳನ್ನು ಕತ್ತರಿಸಿ, ಹೊಸದಾಗಿ ಬಂದ ಚಿಗುರುಗಳಿಗೆ ಬಾದಾಮಿಯ ಕಡ್ಡಿಗಳನ್ನು ಕಸಿಮಾಡಿಸಿದೆವು. ಮೂರನೆಯ ವರ್ಷ ನಿಜವಾದ ಬಾದಾಮಿ ಹಣ್ಣಾಯಿತು. ಅದನ್ನು ತಿನ್ನಲು ತಾಯಿಯವರು ಇರಲಿಲ್ಲ. ಈಗ ನೆರೆಮನೆಯ ಮಕ್ಕಳು ಬೇಸಗೆಯ ರಜೆಯಲ್ಲಿ ಆ ಮರದ ಕೆಳಗೆ ಕಾಯುತ್ತಾರೆ. ಪ್ರಿಯ ಸೋದರಿಯರೇ, ನಿಮ್ಮ ಹಿರಿಯರು ನಿಮ್ಮ ಗಿಡದ ಮೊದಲ ಹಣ್ಣನ್ನು ತಿನ್ನಬೇಕೆಂಬ ಆಶೆಯಿದ್ದರೆ, ಬರುವ ಮಳೆಗಾಲಕ್ಕೆ ಗುಂಡಿಯನ್ನು ಈ ಬೇಸಗೆಯಲ್ಲಿಯೇ ತೋಡಿಸಿರಿ. ನೆಟ್ಟ ಗಿಡದ ಬುಡವನ್ನು ತಿಂಗಳಿಗೊಮ್ಮೆ ಬಾಗಿ ನೋಡಿರಿ.