ಒಂದು ಚಿಟಿಕೆ ಮದ್ದು ಹೆಚ್ಚಾದ್ರೆ? ಎನ್‌ಫೀಲ್ಡ್ ತೋಟಾದಿಂದ ನರಗುಂದದವರೆಗೆ

ರೋಣ, ನರಗುಂದ, ಗಜೇಂದ್ರಗಡದ ಕಡೆಯವರು ನರಗುಂದದ ಬಾಬಾಸಾಹೇಬರ ಕಥೆ ಕೇಳಿಯೇ ಇರ್ತೀರಿ. ಇವತ್ತು ಆ ಕಾಲದ ಒಂದು ಸಣ್ಣ ವಸ್ತು ನೋಡೋಣ: ತೋಟಾ. ಅಂದ್ರೆ ಮದ್ದು, ಗುಂಡು ಎರಡನ್ನೂ ಸೇರಿಸಿ ಸುತ್ತಿದ ಕಾಗದದ ಕೊಳವೆ.

ಹೊಸ ಬಂದೂಕಿಗೆ ಎಷ್ಟು ಮದ್ದು? ಕಡಿಮೆಯಾದ್ರೆ ಗುಂಡು ಗುರಿ ಮುಟ್ಟಲ್ಲ. ಹೆಚ್ಚಾದ್ರೆ ನಳಿಗೆಯೊಳಗೆ ಒತ್ತಡ ಏರುತ್ತೆ. ನಳಿಗೆ ಒಡೆದ್ರೆ ಪೆಟ್ಟು ಹಿಡಿದವರ ಕೈಗೆ, ಕಣ್ಣಿಗೆ. ಪ್ರತಿಸಲ ಅಳತೆ ಬದಲಾದ್ರೆ ಗುಂಡು ಒಂದೇ ಕಡೆ ಬೀಳೋದೂ ಇಲ್ಲ. ಅಂದ್ರೆ ಸುರಕ್ಷತೆಗೂ ಗುರಿಗೂ ಉತ್ತರ ಒಂದೇ: ಖಚಿತ ಅಳತೆ.

1853ರ ಎನ್‌ಫೀಲ್ಡ್ ಬಂದೂಕಿಗೂ ಮದ್ದನ್ನ ಮೊದಲೇ ಅಳೆದು ತುಂಬಿದ ತೋಟಾ ಬಳಸ್ತಿದ್ರು. ಪ್ರತಿ ತೋಟಾದಲ್ಲೂ ಸುಮಾರು 4.4 ಗ್ರಾಂ ಮದ್ದು. ಗುಂಡಿನ ಹಿಂಭಾಗ ಟೊಳ್ಳು. ಸಿಡಿದಾಗ ಅದು ಹಿಗ್ಗಿ ನಳಿಗೆಯ ಸುರುಳಿ ಗೆರೆಗಳಿಗೆ ಕಚ್ಚಿಕೊಂಡು ತಿರುಗುತ್ತಾ ಹೊರಡ್ತಿತ್ತು. ಆದ್ರೆ ಸೈನಿಕರು ತೋಟಾದ ತುದಿಯನ್ನ ಹಲ್ಲಿನಿಂದ ಹರಿಯಬೇಕಿತ್ತು. ಕಾಗದಕ್ಕೆ ಹಸು, ಹಂದಿ ಕೊಬ್ಬು ಸವರಿದ್ದಾರೆ ಅನ್ನೋ ಮಾತು 1857ರಲ್ಲಿ ಹಬ್ಬಿತು. ಅಳತೆ ಸರಿ ಇತ್ತು, ನಂಬಿಕೆ ಮುರಿದಿತ್ತು.

ಅದೇ ವರ್ಷ ಆಯುಧ ಒಪ್ಪಿಸಬೇಕೆಂಬ ಕಾನೂನು ಬಂತು. ಹಲಗಲಿಯ ಬೇಡರು ಒಪ್ಪಲಿಲ್ಲ, ಹೋರಾಡಿದ್ರು. ನರಗುಂದದಲ್ಲಿ ದತ್ತು ತೆಗೆದುಕೊಳ್ಳಲು ಅನುಮತಿ ಸಿಗದ ಕೋಪವೂ ಸೇರಿತು. 1858ರ ಮೇ ಕೊನೆಗೆ ಬಾಬಾಸಾಹೇಬರ ಕಡೆಯವರು ಸುರೇಬಾನದಲ್ಲಿ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್‌ನನ್ನ ಕೊಂದರು. ಜೂನ್ ಆರಂಭದಲ್ಲಿ ನರಗುಂದ ಬ್ರಿಟಿಷರ ವಶವಾಯ್ತು, ಅದೇ ತಿಂಗಳು ಬೆಳಗಾವಿಯಲ್ಲಿ ಬಾಬಾಸಾಹೇಬರನ್ನ ಗಲ್ಲಿಗೇರಿಸಿದ್ರು.

ಇನ್ನು ಇವತ್ತಿನ ಮಾತು. ವಿದೇಶದ ವಿಡಿಯೊ ನೋಡಿ "ತೋಟಾ ನಾವೇ ತುಂಬೋಣ" ಅನ್ನಿಸಬಹುದು. ಅಲ್ಲಿ ಅನುಮತಿ ಇರೋರು ಪುಸ್ತಕದಲ್ಲಿ ಮುದ್ರಿಸಿದ ಕನಿಷ್ಠ ಅಳತೆಯಿಂದ ಶುರುಮಾಡಿ, ಹಂತ ಹಂತವಾಗಿ ಪರೀಕ್ಷಿಸ್ತಾರೆ. ಒತ್ತಡದ ಸೂಚನೆ ಕಂಡ ತಕ್ಷಣ ನಿಲ್ಲಿಸ್ತಾರೆ. ಕರಿಮದ್ದಿಗೆ ಮಾಡಿದ ಬಂದೂಕಿಗೆ ಇವತ್ತಿನ ಹೊಗೆರಹಿತ ಮದ್ದು ಹಾಕಿದ್ರಂತೂ ನಳಿಗೆ ಛಿದ್ರ ಆಗಬಹುದು.

ನಮ್ಮಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ದುಗುಂಡು ತಯಾರಿಸೋದು ಅಪರಾಧ. 2019ರ ತಿದ್ದುಪಡಿ ನಂತರ ಶಿಕ್ಷೆ ಕನಿಷ್ಠ 7 ವರ್ಷ, ಜೀವಾವಧಿವರೆಗೂ ಆಗಬಹುದು. ಮನೆಯಲ್ಲಿ ಅಜ್ಜನ ಕಾಲದ ಬಂದೂಕು ಇದ್ರೆ ತುಂಬಿ ನೋಡಬೇಡಿ, ಮೊದಲು ಪೊಲೀಸ್ ಠಾಣೆಯಲ್ಲಿ ವಿಚಾರಿಸಿ.

ಮುಂದಿನ ಸಂಚಿಕೆಯಲ್ಲಿ ಸಿಗೋಣ.