ಬೆನ್ನುಚೀಲ ಮತ್ತು ಅದರ ಉಪಯೋಗಗಳು

ಬೇಗೂರಿನ ನಮ್ಮ ಮನೆಯ ನಡುಮನೆಯಲ್ಲಿ, ಗೋಡೆಯ ಗೂಟಕ್ಕೆ ಒಂದು ಹಳೆಯ ಕ್ಯಾನ್ವಾಸು ಚೀಲವನ್ನು ತೂಗುಹಾಕಿದೆ. ಅದು ನಮ್ಮ ತಾತನವರದು. ಅವರು ಮದರಾಸು ಸ್ಯಾಪರ್ಸ್ ದಳದಲ್ಲಿ ಸಿಪಾಯಿಯಾಗಿದ್ದು ನಿವೃತ್ತರಾದವರು. ಸರ್ಕಾರದ ಸಾಮಾನನ್ನು ಸರ್ಕಾರಕ್ಕೆ ಒಪ್ಪಿಸಿ ಬಂದ ಮೇಲೆ ಬೆನ್ನು ಬರಿದೆನಿಸಿತಂತೆ. ಶಿವಾಜಿನಗರದ ಗುಜರಿ ಅಂಗಡಿಯಲ್ಲಿ ಅದೇ ನಮೂನೆಯ ಚೀಲವೊಂದನ್ನು ಕೊಂಡು ತಂದರಂತೆ. ಅಮ್ಮ ಎಷ್ಟೋ ಸಲ ಅದನ್ನು ಹಳೇ ಸಾಮಾನಿನವನಿಗೆ ಹಾಕಲು ಹೊರಟಿದ್ದುಂಟು. ಆಗೆಲ್ಲ ತಾತ, “ಬೇಡಮ್ಮ, ನಾನು ಮನೆಯಲ್ಲಿ ಇದ್ದದ್ದಕ್ಕಿಂತ ಹೆಚ್ಚು ಕಾಲ ಇಂಥ ಚೀಲದಲ್ಲೇ ಇದ್ದವನು” ಎಂದು ತಡೆಯುತ್ತಾರೆ. ಒಂದು ಚೀಲದ ವಿಷಯವಾಗಿ ಲೇಖನವೇ ಎಂದು ಓದುಗ ಮಿತ್ರರು ನಗಬಹುದು. ನಗಲಿ, ಆದರೆ ನಗುವ ಮುನ್ನ ತಮ್ಮ ತಮ್ಮ ಬೆನ್ನನ್ನೊಮ್ಮೆ ನೋಡಿಕೊಳ್ಳಲಿ!

ಹೊರೆ ಹೊರುವುದು ಮನುಷ್ಯನಿಗೆ ಹೊಸತಲ್ಲ. ನಮ್ಮ ಹಿರಿಯರು ತಲೆಯ ಮೇಲೆ ಸಿಂಬೆ ಇಟ್ಟು ಮಂಕರಿ ಹೊತ್ತರು; ಹೆಗಲಿಗೆ ಅಡ್ಡೆ ಹಾಕಿದರು; ಎರಡು ಬಾಯಿಯ ಹಸಿಬೆ ಚೀಲವನ್ನು ಹೆಗಲ ಮೇಲೆ ಮುಂದಕ್ಕೂ ಹಿಂದಕ್ಕೂ ಇಳಿಬಿಟ್ಟರು. ದಾಸಯ್ಯನ ತೋಳಿಗೆ ಜೋಳಿಗೆ ಬಂತು, ದಾರಿಹೋಕನ ಕೈಗೆ ಬುತ್ತಿಯ ಗಂಟು ಬಂತು. ಆದರೆ ಇವುಗಳಲ್ಲಿ ಬಹುಪಾಲಿಗೆ ಒಂದು ಕೈಯಾದರೂ ಕಾವಲಿರಬೇಕು. ಎರಡು ಕೈಗಳನ್ನೂ ಬಿಡುಗಡೆ ಮಾಡಿದ್ದೇ ಬೆನ್ನುಚೀಲದ ಹೆಚ್ಚುಗಾರಿಕೆ. ಯುದ್ಧದಲ್ಲಿ ಕೈ ಬಿಡುವಾಗಿರಬೇಕಾದ್ದು ಅತ್ಯಗತ್ಯ. ನಮ್ಮ ಊರಿನ ಹೆಸರಾಂತ ವೀರಗಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದೆ. ಗಂಗರ ಕಾಲದ ಕಾಳಗವೊಂದನ್ನು ಆನೆ, ಕುದುರೆ, ಕಾಲಾಳುಗಳ ಸಹಿತ ಅದರಲ್ಲಿ ಕಡೆದಿದ್ದಾರೆ. ಅಂಥ ಕಾಲದ ಬಿಲ್ಲಾಳು ಬೆನ್ನಿಗೆ ಕಟ್ಟುತ್ತಿದ್ದ ಬತ್ತಳಿಕೆಯೇ ಇಂದಿನ ಸಿಪಾಯಿಯ ಬೆನ್ನುಚೀಲಕ್ಕೆ ಅಣ್ಣನೆಂದು ನನ್ನ ಭಾವನೆ.

ಇನ್ನೂ ಹಿಂದಕ್ಕೆ ಹೋಗಬಹುದು. ೧೯೯೧ರಲ್ಲಿ ಆಲ್ಪ್ಸ್ ಪರ್ವತದ ಹಿಮದಲ್ಲಿ ಸುಮಾರು ೫,೩೦೦ ವರ್ಷಗಳ ಹಿಂದಿನ ಮನುಷ್ಯನೊಬ್ಬನ ದೇಹ ಸಿಕ್ಕಿತು. ಅವನ ಸಾಮಾನುಗಳ ನಡುವೆ ಬಾಗಿಸಿದ ಮರದ ಕೋಲು, ಹಲಗೆಗಳೂ ದೊರೆತವು. ಅವು ಬೆನ್ನುಹೊರೆಯ ಚೌಕಟ್ಟಾಗಿರಬೇಕೆಂದು ಪಂಡಿತರು ಊಹಿಸಿದ್ದಾರೆ. ರೋಮಿನ ಸೇನಾನಿ ಮರಿಯಸನು ಸಾಮಾನಿನ ಬಂಡಿಗಳನ್ನು ಕಡಮೆ ಮಾಡಿ, ಸಿಪಾಯಿಗಳು ತಮ್ಮ ಹೊರೆಯನ್ನು ತಾವೇ ಹೊರುವಂತೆ ವಿಧಿಸಿದನು. ಜನ ಅವರನ್ನು ‘ಮರಿಯಸನ ಹೇಸರಗತ್ತೆಗಳು’ ಎಂದು ಹಾಸ್ಯ ಮಾಡಿದರು. ನಾವು ‘ರಕ್‌ಸ್ಯಾಕ್’ ಎನ್ನುವ ಪದ ಜರ್ಮನ್ ಭಾಷೆಯದು. ಬೆನ್ನಿನ ಚೀಲವೆಂದೇ ಅದರ ಅರ್ಥ. ‘ಹ್ಯಾವರ್‌ಸ್ಯಾಕ್’ ಎಂಬುದೂ ಅಲ್ಲಿಯದೇ. ಅದು ಮೊದಲು ಓಟ್ಸ್ ಧಾನ್ಯ ತುಂಬುವ ಚೀಲವಾಗಿತ್ತು. ೧೯೦೯ರಲ್ಲಿ ನಾರ್ವೆಯ ಓಲೆ ಬರ್ಗನ್ ಎಂಬಾತನು, ಬೆನ್ನಿನ ಆಕಾರಕ್ಕೆ ಹೊಂದುವಂತೆ ಬಾಗಿದ ಚೌಕಟ್ಟುಳ್ಳ ಚೀಲಕ್ಕೆ ಹಕ್ಕುಪತ್ರ ಪಡೆದನು. ಬ್ರಿಟಿಷ್ ಸಿಪಾಯಿಗಳು ಇಂದಿಗೂ ತಮ್ಮ ದೊಡ್ಡ ಚೀಲವನ್ನು ‘ಬರ್ಗನ್’ ಎಂದೇ ಕರೆಯುತ್ತಾರೆ.

ಎರಡನೆಯ ಮಹಾಯುದ್ಧದಲ್ಲಿ ಭಾರತದ ಸೈನ್ಯವೂ ಬಳಸಿದ ೧೯೩೭ರ ನಮೂನೆಯಲ್ಲಿ ಎರಡು ಚೀಲಗಳಿದ್ದವು. ದೊಡ್ಡದರಲ್ಲಿ ದೊಡ್ಡ ಕೋಟು ಮುಂತಾದುವು. ಚಿಕ್ಕದರಲ್ಲಿ ಊಟದ ಡಬ್ಬಿ, ನೀರು, ಮತ್ತು ಕೂಡಲೇ ಬೇಕಾಗುವ ಪದಾರ್ಥಗಳು. ಕಾಳಗಕ್ಕೆ ಹೋಗುವಾಗ ದೊಡ್ಡದನ್ನು ಹಿಂದೆ ಬಿಟ್ಟು ಚಿಕ್ಕದನ್ನು ಮಾತ್ರ ಬೆನ್ನಿಗೆ ಹಾಕುವರು. ೧೯೪೩ರಲ್ಲಿ ಬರ್ಮಾದ ಕಾಡುಗಳಿಗೆ ನುಗ್ಗಿದ ಚಿಂಡಿತ್ ಪಡೆಯವರಾದರೋ ಸುಮಾರು ೭೦ ಪೌಂಡು, ಎಂದರೆ ೩೨ ಕಿಲೋಗ್ರಾಂ ಭಾರ ಹೊತ್ತು ನಡೆದರು.

ಚೀಲ ಸಿಪಾಯಿಗೆ ಸಾಮಾನಿನ ಪೆಟ್ಟಿಗೆ ಮಾತ್ರವಲ್ಲ. ತಾತ ಹೇಳುವಂತೆ, ರಾತ್ರಿ ಅದೇ ತಲೆದಿಂಬು. ಕೆಸರಿನಲ್ಲಿ ಅದೇ ಮಣೆ. ಮಲಗಿ ಗುರಿಯಿಡುವಾಗ ಬಂದೂಕಿಗೆ ಅದೇ ಆನಿಕೆ. ನೀರು ನುಗ್ಗದ ಹಾಸುಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿದರೆ ಹೊಳೆ ದಾಟುವಾಗ ತೇಲುಬುರುಡೆಯಂತೆ ಆಸರೆಯಾಗುತ್ತದೆ. ಪ್ಯಾರಾಚೂಟಿನಿಂದ ಇಳಿಯುವವರು ನೆಲ ಸಮೀಪಿಸಿದಾಗ ಚೀಲವನ್ನು ಹಗ್ಗದಲ್ಲಿ ಕೆಳಕ್ಕೆ ಬಿಡುತ್ತಾರೆ. ಭಾರ ಮೊದಲು ನೆಲ ಸೇರುವುದರಿಂದ ಕಾಲಿಗೆ ಪೆಟ್ಟಾಗುವ ಅಪಾಯ ಕಡಮೆಯಾಗುತ್ತದೆ.

ಚೀಲ ತುಂಬುವುದೂ ಒಂದು ವಿದ್ಯೆಯೆಂದು ನಾನು ತಿಳಿದದ್ದು ಎನ್.ಸಿ.ಸಿ. ಶಿಬಿರದಲ್ಲಿ. ಮೊದಲ ದಿನದ ನಡಿಗೆಗೆ ನಾನು ಬಟ್ಟೆಗಳನ್ನು ಬೆನ್ನ ಕಡೆಗೂ, ತಟ್ಟೆ, ಲೋಟ, ನೀರಿನ ಬಾಟಲಿಗಳನ್ನು ಹೊರಮಗ್ಗುಲಿಗೂ ತುಂಬಿದ್ದೆ. ಎರಡು ಮೈಲಿ ಹೋಗುವುದರೊಳಗೆ ಯಾರೋ ಹಿಂದಿನಿಂದ ಜಗ್ಗುತ್ತಿರುವಂತೆ ಭಾಸವಾಯಿತು. ಹವಾಲ್ದಾರರು ಚೀಲವನ್ನು ಬಿಚ್ಚಿಸಿ ಮತ್ತೆ ತುಂಬಿಸಿದರು. ಭಾರವಾದುವು ಬೆನ್ನಿಗೆ ಅಂಟಿಕೊಂಡು ಭುಜದ ಹತ್ತಿರ ಇರಬೇಕು. ಹಗುರವಾದುವು ಕೆಳಗೂ ಹೊರಗೂ ಇರಬೇಕು. ಕಾರಣ ಸರಳ. ಭಾರ ಬೆನ್ನಿನಿಂದ ದೂರ ಹೋದಷ್ಟೂ ಅದು ಮೈಯನ್ನು ಹಿಂದಕ್ಕೆ ಎಳೆಯುತ್ತದೆ. ಅದನ್ನು ಸರಿದೂಗಿಸಲು ನಾವು ಮುಂದಕ್ಕೆ ಬಾಗುತ್ತೇವೆ. ಬಾಗಿದಷ್ಟೂ ಬೆನ್ನಿನ ಸ್ನಾಯುಗಳು ದಣಿಯುತ್ತವೆ. ಪಟ್ಟಿ ಅಗಲವಾಗಿದ್ದರೆ ಒತ್ತಡ ಹಂಚಿಹೋಗುತ್ತದೆ. ಸೊಂಟಪಟ್ಟಿ ಇದ್ದರಂತೂ ಭಾರದ ಬಹುಭಾಗ ಹೆಗಲಿನಿಂದ ಸೊಂಟದ ಮೂಳೆಗೆ ಇಳಿಯುತ್ತದೆ. ಅದೇ ಚೀಲ, ಅದೇ ಭಾರ. ಉಳಿದ ದಾರಿಯನ್ನು ನಾನು ಸುಖವಾಗಿ ನಡೆದೆ.

ಇನ್ನು ನಿತ್ಯಜೀವನ. ಬೆಳಗ್ಗೆ ಬೇಗೂರು ರಸ್ತೆಯಲ್ಲಿ ನಿಂತರೆ ಬೆನ್ನುಚೀಲಗಳ ಮೆರವಣಿಗೆಯನ್ನೇ ಕಾಣಬಹುದು. ಎಲೆಕ್ಟ್ರಾನಿಕ್ ಸಿಟಿಗೆ ಹೋಗುವವರ ಬೆನ್ನಿನಲ್ಲಿ ಲ್ಯಾಪ್‌ಟಾಪ್. ಮನೆಮನೆಗೆ ಊಟ ತಲುಪಿಸುವ ಹುಡುಗರ ಬೆನ್ನಿನಲ್ಲಿ ಚೌಕಾಕಾರದ ದೊಡ್ಡ ಚೀಲ. ಗಾರೆ ಕೆಲಸದವರ ಬೆನ್ನಿನಲ್ಲಿ ಕರಣೆ ಮತ್ತು ಬುತ್ತಿ. ತೋಟದ ರೈತ ಔಷಧಿ ಸಿಂಪಡಿಸಲು ಬೆನ್ನಿಗೆ ಕಟ್ಟುವ ಪಂಪು ಕೂಡ ಇದೇ ವಂಶಕ್ಕೆ ಸೇರಿದ್ದು. ಶಿವಗಂಗೆ, ಸಾವನದುರ್ಗಗಳನ್ನು ಹತ್ತುವ ಮಿತ್ರರಿಗಂತೂ ಹೇಳಬೇಕಾದುದೇ ಇಲ್ಲ.

ಈ ಮೆರವಣಿಗೆಯಲ್ಲಿ ಎಲ್ಲರಿಗಿಂತ ಚಿಕ್ಕವನು ನನ್ನ ತಮ್ಮ. ನಾಲ್ಕನೆಯ ತರಗತಿಯಲ್ಲಿ ಓದುತ್ತಿದ್ದಾನೆ. ಕಳೆದ ವರ್ಷ ಅವನು ಮುಂದಕ್ಕೆ ಬಾಗಿ ನಡೆಯುವುದನ್ನೂ, ರಾತ್ರಿ ಹೆಗಲು ನೋವೆಂದು ಅಳುವುದನ್ನೂ ಕಂಡು ತಾತ ಒಂದು ದಿನ ಅವನನ್ನು ಚೀಲದ ಸಮೇತ ಅಂಗಡಿಗೆ ಕರೆದೊಯ್ದು ತೂಗಿಸಿದರು. ಹುಡುಗ ೨೪ ಕಿಲೋಗ್ರಾಂ, ಚೀಲ ೬! ಮೈತೂಕದ ನಾಲ್ಕನೆಯ ಒಂದು ಪಾಲು! “ನಮಗೆ ಇಷ್ಟು ಹೊರಿಸುವ ಮುಂಚೆ ತಿಂಗಳುಗಟ್ಟಲೆ ತಯಾರು ಮಾಡುತ್ತಿದ್ದರು. ಈ ಮಗುವನ್ನು ಯಾರು ತಯಾರು ಮಾಡಿದರಪ್ಪಾ?” ಎಂದರು ತಾತ. ನಾನು ಉತ್ತರ ಹೇಳಲಾರದೆ ಹೋದೆ.

ನಿಯಮವಿಲ್ಲವೆಂದಲ್ಲ. ೨೦೧೯ರಲ್ಲಿ ನಮ್ಮ ರಾಜ್ಯ ಸರ್ಕಾರದ ಸುತ್ತೋಲೆ ೩ರಿಂದ ೫ನೆಯ ತರಗತಿಯವರಿಗೆ ೨ರಿಂದ ೩ ಕಿಲೋಗ್ರಾಂ ಎಂದು ಗೊತ್ತುಮಾಡಿತು. ೨೦೨೦ರ ರಾಷ್ಟ್ರೀಯ ನೀತಿ, ಚೀಲ ಮಗುವಿನ ಮೈತೂಕದ ಶೇಕಡಾ ೧೦ನ್ನು ಮೀರಬಾರದೆಂದಿತು. ಆ ಲೆಕ್ಕಕ್ಕೆ ತಮ್ಮನ ಪಾಲು ೨.೪ ಕಿಲೋಗ್ರಾಂ ಮಾತ್ರ.

ಆ ರಾತ್ರಿ ತಾತನೂ ನಾನೂ ಚೀಲವನ್ನು ನೆಲದ ಮೇಲೆ ಸುರಿದೆವು. ಆ ದಿನದ ಪಾಠಗಳಿಗೆ ಸಂಬಂಧಿಸದ ಪುಸ್ತಕಗಳೇ ಅರ್ಧ. ಬರೆದು ಮುಗಿದ ನೋಟು ಪುಸ್ತಕಗಳು ಮೂರು. ಎರಡು ಲೀಟರಿನ ನೀರಿನ ಬಾಟಲಿ ಬೇರೆ. ನೀರೊಂದೇ ೨ ಕಿಲೋಗ್ರಾಂ! ಅಮ್ಮ ಶಾಲೆಗೆ ಹೋಗಿ ಅವನ ಟೀಚರನ್ನು ಕಂಡು ಮಾತನಾಡಿದರು. ಅಲ್ಲಿಯೇ ಒಳ್ಳೆಯ ನೀರು ಸಿಗುವುದೆಂದು ತಿಳಿದುದರಿಂದ ಬಾಟಲಿ ಚಿಕ್ಕದಾಯಿತು. ಎರಡು ದಪ್ಪ ಪುಸ್ತಕಗಳನ್ನು ತರಗತಿಯಲ್ಲೇ ಇಡಲು ಒಪ್ಪಿಗೆ ದೊರೆಯಿತು. ಪಟ್ಟಿಗಳನ್ನು ಗಿಡ್ಡ ಮಾಡಿ, ದಪ್ಪ ಪುಸ್ತಕ ಬೆನ್ನಿಗೆ ತಾಗುವಂತೆ ಜೋಡಿಸಿದೆವು. ಈಗ ಚೀಲ ಸುಮಾರು ೩ ಕಿಲೋಗ್ರಾಂಗೆ ಇಳಿದಿದೆ. ಇನ್ನೂ ಸ್ವಲ್ಪ ಹೆಚ್ಚೇ. ಆದರೆ ಹುಡುಗ ನೆಟ್ಟಗೆ ನಡೆಯುತ್ತಾನೆ, ರಾತ್ರಿಯ ಅಳು ನಿಂತಿದೆ.

ಸಾವಿರಾರು ವರ್ಷಗಳಿಂದ ಮನುಷ್ಯನ ಬುದ್ಧಿ ಸಿಪಾಯಿಯ ಹೊರೆಯನ್ನು ಹಗುರ ಮಾಡಲು ದುಡಿದಿದೆ. ಅದರಲ್ಲಿ ಒಂದು ಕಿಂಚಿತ್ತಾದರೂ ನಮ್ಮ ಮನೆಯ ಮಕ್ಕಳ ಪಾಲಿಗೆ ಬರಬೇಡವೇ? ನಮ್ಮಲ್ಲಿ ಅನೇಕರಿಗೆ ಶಾಲೆಗೆ ಹೋಗುವ ತಮ್ಮ ತಂಗಿಯರಿದ್ದಾರೆ; ಹಲವರು ನಾಳೆ ತಾವೇ ಉಪಾಧ್ಯಾಯರಾಗುವವರು. ಈ ಸಂಜೆ ಮನೆಗೆ ಹೋದೊಡನೆ ಆ ಪುಟ್ಟ ಚೀಲವನ್ನೊಮ್ಮೆ ಕೈಯಲ್ಲಿ ಎತ್ತಿ ನೋಡಬೇಕೆಂದು ನನ್ನ ವಿನಂತಿ. ತೂಕ ಎಷ್ಟೆಂಬುದನ್ನು ಕೈಯೇ ಹೇಳುತ್ತದೆ.