ಬೇರಿಗೊಂದು ಹೊಲಗಾಲುವೆ

ಅಶೋಕಪುರಂನ ಓದುಗರೊಬ್ಬರು ಪತ್ರ ಬರೆದು ಕೇಳಿದ್ದಾರೆ: ಚಾಮುಂಡಿ ಬೆಟ್ಟದ ತಪ್ಪಲಿನ ಬೋಳು ಇಳಿಜಾರಿನಲ್ಲಿ ತಮ್ಮ ಬಡಾವಣೆಯ ತರುಣರು ನೆಟ್ಟ ಬೇವು, ಹೊಂಗೆ, ನೆಲ್ಲಿಯ ಸಸಿಗಳು ಬೇಸಗೆ ಕಾಲಿಡುವ ಮೊದಲೇ ಒಣಗಿಹೋದುವು, ಗೊಬ್ಬರದಂಗಡಿಯಾತ 'ವ್ಯಾಮ್' ಎಂಬ ಶಿಲೀಂಧ್ರದ ಪುಡಿಯೊಂದನ್ನು ತೋರಿಸಿ, ಇದನ್ನು ಬೇರಿಗೆ ಹಾಕಿದ್ದರೆ ಒಂದು ಸಸಿಯೂ ಸಾಯುತ್ತಿರಲಿಲ್ಲವೆಂದನಂತೆ, ಇದು ನಿಜವೇ? ಪುಡಿಯಲ್ಲಿರಬೇಕಾದ ಶಿಲೀಂಧ್ರವೂ ನಿಜ, ಅದರ ಉಪಕಾರವೂ ನಿಜ. ಅಂಗಡಿಯಾತನ ಭರವಸೆಯನ್ನು ಮಾತ್ರ ತುಸು ಜರಡಿ ಹಿಡಿಯಬೇಕು.

ಕೃಷ್ಣರಾಜಸಾಗರ ತುಂಬಿ ತುಳುಕಿದರೂ, ವಿಶ್ವೇಶ್ವರಯ್ಯ ನಾಲೆಯಿಂದ ಉಪನಾಲೆಗಳೂ ಉಪನಾಲೆಗಳಿಂದ ಹೊಲಗಾಲುವೆಗಳೂ ಕವಲೊಡೆಯದಿದ್ದರೆ ಮಂಡ್ಯದ ಗದ್ದೆಗೆ ಒಂದು ಹನಿ ನೀರೂ ತಲುಪದು. ನಮ್ಮ ಕೆಮ್ಮಣ್ಣಿನಲ್ಲಿ ರಂಜಕದ ಸ್ಥಿತಿಯೂ ಹೀಗೆಯೇ: ಅದು ಇಲ್ಲವೆಂದಲ್ಲ, ಕಬ್ಬಿಣ ಮತ್ತು ಅಲ್ಯೂಮಿನಿಯಂಗಳಿಗೆ ಅಂಟಿಕೊಂಡು, ಕುಳಿತಲ್ಲಿಂದ ಕದಲದಂತಿದೆ, ಎಳೆಯ ಬೇರು ತನ್ನ ಸುತ್ತಲಿನ ಒಂದೆರಡು ಮಿಲಿಮೀಟರಿನಷ್ಟನ್ನು ಹೀರಿ ಮುಗಿಸಿದ ಮೇಲೆ ಹಸಿದೇ ಇರಬೇಕಾಗುತ್ತದೆ. ಬೇರಿನೊಳಗೆ ನೆಲೆಸಿ ಹೊರಗೆ ಚಾಚುವ ಶಿಲೀಂಧ್ರದ ಎಳೆಗಳು, ಮಿಲಿಮೀಟರಿನ ಸಾವಿರದಲ್ಲಿ ಕೆಲವೇ ಭಾಗದಷ್ಟು ಸಪೂರವಾದವು, ಬೇರುಗೂದಲೂ ನುಸುಳಲಾರದ ಸಂದುಗಳನ್ನು ಹೊಕ್ಕು, ಹಲವು ಸೆಂಟಿಮೀಟರು ದೂರದ ರಂಜಕವನ್ನೂ ಸತುವನ್ನೂ ತಾಮ್ರವನ್ನೂ ಹೊತ್ತು ತರುವ ಹೊಲಗಾಲುವೆಗಳು. ಕಾಲುವೆಯೆಂದ ಮೇಲೆ ಕಂದಾಯವೂ ಉಂಟಷ್ಟೆ: ಎಲೆಗಳು ಕಟ್ಟಿದ ಆಹಾರದಲ್ಲಿ ನೂರಕ್ಕೆ 4ರಿಂದ 20ರಷ್ಟು ಪಾಲು ಶಿಲೀಂಧ್ರಕ್ಕೆ ಸಲ್ಲುತ್ತದೆಂದು ಅಂದಾಜು. ಸ್ವಂತ ಬಾವಿಯುಳ್ಳವನು ನಾಲೆಯ ಕಂದಾಯವನ್ನು ಏಕೆ ಕಟ್ಟಿಯಾನು? ಸೂಪರ್ ಫಾಸ್ಫೇಟನ್ನು ಧಾರಾಳವಾಗಿ ಸುರಿದ ಸಸಿಯೂ ಹಾಗೆಯೇ ಶಿಲೀಂಧ್ರವನ್ನು ಬೇರಿನೊಳಗೆ ಅಷ್ಟಾಗಿ ಬಿಟ್ಟುಕೊಳ್ಳುವುದಿಲ್ಲ.

ಈ ಸಹಜೀವನಕ್ಕೆ 1885ರಲ್ಲಿ 'ಮೈಕೊರೈಜಾ' ಎಂಬ ಹೆಸರನ್ನಿತ್ತ ಜರ್ಮನಿಯ ಸಸ್ಯವಿಜ್ಞಾನಿ ಫ್ರಾಂಕ್, ಅದನ್ನು ಹುಡುಕಿ ಹೊರಟವನಲ್ಲ. ಶ್ರೀಮಂತರ ಊಟದ ಮೇಜಿಗೆ ಪ್ರಿಯವಾದ ಟ್ರಫಲ್ ಎಂಬ ನೆಲದಡಿಯ ಅಣಬೆಯನ್ನು ಬೆಳೆಯುವ ಉಪಾಯವನ್ನು ಶೋಧಿಸೆಂದು ಪ್ರಷ್ಯದ ಸರಕಾರವು ಆತನನ್ನು ನಿಯೋಜಿಸಿತ್ತು. ಟ್ರಫಲಿನ ಬೇಸಾಯ ಆತನಿಗೆ ಕೈಗೂಡಲಿಲ್ಲ. ಆದರೆ ಕಾಡುಮರಗಳ ಬೇರುತುದಿಗಳು ಶಿಲೀಂಧ್ರದ ಕವಚವನ್ನು ತೊಟ್ಟಿದ್ದರೂ ಮರಗಳು ಸೊಂಪಾಗಿಯೇ ಇರುವುದನ್ನು ಕಂಡು, ಇದು ರೋಗವಲ್ಲ, ಪೋಷಣೆಯೆಂದು ಆತನು ಸಾರಿದಾಗ ನಂಬದವರೇ ಬಹುಮಂದಿ. ನಂಬಿಸಿದುದು ಮುಂದಿನ ಪ್ರಯೋಗಗಳು. ಪೋರ್ಟೊ ರೀಕೋ ದ್ವೀಪದಲ್ಲಿ ಹಲವು ವರ್ಷ ನೆಟ್ಟ ಪೈನ್ ಸಸಿಗಳೆಲ್ಲ ಹಳದಿಯಾಗಿ ಕುಬ್ಜವಾಗಿ ಸಾಯುತ್ತಿದ್ದು, 1950ರ ದಶಕದಲ್ಲಿ ಅಮೆರಿಕದ ಪೈನ್ ಕಾಡಿನ ಮಣ್ಣನ್ನು ತಂದು ಬೆರೆಸಿದ ಮೇಲಷ್ಟೇ ಚಿಗುರಿಕೊಂಡುವು.

ಪೈನ್ ಬೇರಿನ ಶಿಲೀಂಧ್ರವು ಹೊರಗವಚದ ಜಾತಿಯದು. ನಮ್ಮ ಪಶ್ಚಿಮಘಟ್ಟದ ಧೂಪ, ಕಿರಾಲುಬೋಗಿ ಮುಂತಾದವುಗಳದೂ ಅಂತಹುದೇ. ಮೊದಲ ಮಳೆಗೆ ದಕ್ಷಿಣ ಕನ್ನಡದ ಸಂತೆಗೆ ಬರುವ, ತುಳುವರು ಕಲ್ಲಲಂಬು ಎಂದು ಕರೆದು ಪಲ್ಯ ಮಾಡಿ ಉಣ್ಣುವ ಗುಂಡುಗುಂಡಾದ ಅಣಬೆಯೂ ಕಾಡುಮರದ ಬೇರಿಗೆ ಹೆಣೆದುಕೊಂಡ ಇಂತಹ ಒಂದು ಶಿಲೀಂಧ್ರದ ಫಲವೇ. ಬೇವು, ನೆಲ್ಲಿ, ತೇಗಗಳೊಳಗಿನದು ಬೇರೆ. ಬೇರಿನ ತುಣುಕೊಂದನ್ನು ಕ್ಷಾರದಲ್ಲಿ ಬೇಯಿಸಿ, ನೀಲಿ ಬಣ್ಣವೂಡಿಸಿ, ಸೂಕ್ಷ್ಮದರ್ಶಕದಲ್ಲಿಟ್ಟರೆ, ಕೋಶದೊಳಗೆ ಒಂದೇ ಎಳೆಯು ಎರಡಾಗಿ, ನಾಲ್ಕಾಗಿ, ಎಣಿಕೆಗೆ ಸಿಗದಷ್ಟಾಗಿ ಸೀಳಿ ಹರಡಿರುವುದು ಕಾಣುತ್ತದೆ. ಕೊಡುಕೊಳ್ಳುವಿಕೆ ನಡೆಯುವುದು ಅಲ್ಲಿಯೇ. ಸ್ಕಾಟ್ಲೆಂಡಿನ ರೈನಿ ಎಂಬಲ್ಲಿ ಸುಮಾರು 40 ಕೋಟಿ ವರ್ಷ ಹಿಂದಿನ ಶಿಲೆಯಲ್ಲಿಯೂ ಇದೇ ಆಕೃತಿ ಅಚ್ಚೊತ್ತಿದೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದಲ್ಲಿ ಪ್ರೊ. ಡಿ. ಜೆ. ಭಾಗ್ಯರಾಜ್ ಮತ್ತವರ ಶಿಷ್ಯರು ದಶಕಗಳ ಕಾಲ ತೋರಿಸಿಕೊಟ್ಟ ಸಂಗತಿಯೆಂದರೆ, ಈ ಶಿಲೀಂಧ್ರಗಳಲ್ಲಿ ಎಲ್ಲವೂ ಎಲ್ಲ ಸಸಿಗೂ ಸಮಾನವಾಗಿ ಒದಗವು. ಯಾವ ಮರಕ್ಕೆ ಯಾವುದು ಒಗ್ಗುವುದೆಂದು ಪರೀಕ್ಷಿಸಿಯೇ ಆರಿಸಬೇಕು.

ಅಂಗಡಿಯ ಪುಡಿಯ ಬಗೆಗೆ ನನ್ನ ಶಂಕೆ ಇಲ್ಲಿಂದಲೇ. ಈ ಜೀವಿಯು ಜೀವಂತ ಬೇರಿನ ಹೊರತು ವೃದ್ಧಿಯಾಗದು. ಜೋಳದಂತಹ ಗಿಡದ ಬೇರಿನಲ್ಲಿ ಬೆಳೆಸಿ ಮಣ್ಣುಸಹಿತ ಪುಡಿಮಾಡಿದುದು ತಿಂಗಳುಗಟ್ಟಲೆ ಬಿಸಿಲಿನಂಗಡಿಯಲ್ಲಿ ಕುಳಿತರೆ ಉಳಿಯುವುದು ಮಣ್ಣೇ. ಕಾಡೆಲ್ಲವೂ ಶಿಲೀಂಧ್ರದ ಜಾಲದಲ್ಲಿ ಮಾತನಾಡಿಕೊಳ್ಳುತ್ತದೆ, ತಾಯಿಮರ ಮರಿಗಳನ್ನು ಸಾಕುತ್ತದೆ ಎಂಬ ಕಥೆಗಳಿಗೂ, ಕೆನಡಾದ ಅರಣ್ಯವಿಜ್ಞಾನಿ ಸುಝಾನ್ ಸಿಮರ್ಡ್ 1997ರಲ್ಲಿ ಪ್ರಕಟಿಸಿದ ಪ್ರಯೋಗ ಎಷ್ಟೇ ಸ್ವಾರಸ್ಯಕರವಾದರೂ, ನಿಜವಾದ ಕಾಡಿನಲ್ಲಿ ಪುರಾವೆ ಸಾಲದೆಂದು 2023ರಲ್ಲಿ ಇದೇ ಕ್ಷೇತ್ರದ ವಿಜ್ಞಾನಿಗಳು ಎಚ್ಚರಿಸಿದ್ದಾರೆ.

ಓದುಗರಿಗೆ ನನ್ನ ಸಲಹೆಯಿಷ್ಟು. ಮೇಲ್ಮಣ್ಣು ಕೊಚ್ಚಿಹೋದ ಬೋಳು ನೆಲದಲ್ಲಿ ಶಿಲೀಂಧ್ರವೂ ವಿರಳ. ನರ್ಸರಿಯ ಪಾಲಿಥೀನ್ ಚೀಲದಲ್ಲಿಯೂ ಆಳದಿಂದ ಅಗೆದ ಮಣ್ಣನ್ನೇ ತುಂಬಿದ್ದರೆ ಸಸಿಯು ಒಂಟಿಯಾಗಿಯೇ ಬೆಟ್ಟ ಏರುತ್ತದೆ. ಶಿಲೀಂಧ್ರವು ಬೇರಿನಲ್ಲಿ ನೆಲೆಗೊಳ್ಳಲು ಕೆಲವು ವಾರ ಬೇಕಾಗುವುದರಿಂದ, ನೆಡುವ ದಿನ ಗುಂಡಿಗೆ ಪುಡಿ ಎರಚುವ ಬದಲು, ಬೀಜ ಹಾಕುವಾಗಲೇ, ಅದೇ ಜಾತಿಯ ಹಳೆಯ ಮರದಡಿಯ ಮೇಲ್ಮಣ್ಣನ್ನು, ನವುರಾದ ಬೇರುತುಣುಕುಗಳ ಸಮೇತ, ಚೀಲಕ್ಕೊಂದು ಹಿಡಿಯಂತೆ ಬೆರೆಸಲಿ. ರೋಗಪೀಡಿತ ಮರದಡಿಯದು ಬೇಡ, ಮೀಸಲು ಅರಣ್ಯದ್ದಾದರೆ ಅರಣ್ಯ ಇಲಾಖೆಯ ಅನುಮತಿ ಬೇಕು. ಕೊಟ್ಟಿಗೆ ಗೊಬ್ಬರ ಇರಲಿ, ರಾಸಾಯನಿಕ ರಂಜಕ ಕೈತಡೆದಿರಲಿ. ಇಷ್ಟಾದರೂ, ಬೇಸಗೆಯಲ್ಲಿ ಬೆಟ್ಟದ ಹುಲ್ಲಿಗೆ ಬೀಳುವ ಬೆಂಕಿಯಿಂದಲೂ ಆಡುಗಳ ಬಾಯಿಂದಲೂ ಸಸಿಯನ್ನು ಕಾಯುವ ಕೆಲಸ ತರುಣರದೇ.